ಮೇಲಿನ ಪದರದ ಬೋಕಿಗಳು

ಪುರಾತತ್ವದಲ್ಲಿ ಎಂ.ಎ. ಮುಗಿಸಿ ಗುಜರಾತಿನ ಕಚ್ಛ್ ಭಾಗದ ಒಂದು ಹರಪ್ಪಾ ನೆಲೆಯ ಉತ್ಖನನದಲ್ಲಿ ಸಹಾಯಕನಾಗಿ ಸೇರಿದಾಗ ನನ್ನ ಪಾಲಿಗೆ ಬಂದದ್ದು ಅಗೆಯುವ ಕೆಲಸವಲ್ಲ, ಬೋಕಿಗಳ ಅಂಗಳ. ಕುಳಿಗಳಿಂದ ಬುಟ್ಟಿಗಟ್ಟಲೆ ಬರುವ ಮಡಕೆ ಚೂರುಗಳನ್ನು ತೊಳೆಸಿ, ಒಣಗಿಸಿ, ಕುಳಿಯ ಹೆಸರು ಮತ್ತು ಪದರದ ಸಂಖ್ಯೆ ಬರೆದ ಚೀಟಿಯ ಪ್ರಕಾರ ಹರಡಿ, ಬಾಯಂಚು, ಬುಡ ಮತ್ತು ಚಿತ್ರವಿರುವ ಚೂರುಗಳನ್ನು ಬೇರೆ ಮಾಡುವುದು ದಿನದ ಕೆಲಸವಾಗಿತ್ತು. ಉಳಿದ, ಮಡಕೆಯ ಹೊಟ್ಟೆಯ ಭಾಗದ ಚೂರುಗಳನ್ನು ಎಣಿಸಿ, ತೂಗಿ, ವಹಿಯಲ್ಲಿ ಬರೆದ ಮೇಲಷ್ಟೇ ಅಂಗಳದ ಹಿಂದಿನ ಗುಡ್ಡೆಗೆ ಸುರಿಯಬೇಕೆಂಬುದು ನಿಯಮ. ನಾನು ಮುರಿದದ್ದು ಇದೇ ನಿಯಮವನ್ನು.

ಕೆಳಗಿನ ಪದರಗಳ ಬುಟ್ಟಿ ಬಂತೆಂದರೆ ನನಗೆ ಹಬ್ಬ. ಕ್ರಿ.ಪೂ. 2600ರಿಂದ 1900ರವರೆಗಿನ ಆ ನಗರ ಕಾಲದ ಮಡಕೆಗಳು ಚಕ್ರದ ಮೇಲೆ ಹದವಾಗಿ ಎದ್ದು, ಒಂದೇ ಸಮನೆ ಬೆಂದು, ಕೆಂಪು ಮೈಮೇಲೆ ಕಪ್ಪು ಬಣ್ಣದ ಗೆರೆ, ಎಲೆ, ಮೀನಿನ ಹುರುಪೆಯಂಥ ಚಿತ್ರಗಳನ್ನು ಹೊತ್ತು ಬರುತ್ತಿದ್ದವು. ಉಗುರಿನಿಂದ ತಟ್ಟಿದರೆ ಠಣ್ಣೆನ್ನುತ್ತಿದ್ದವು. ಇಟ್ಟಿಗೆಯ ದಪ್ಪ, ಅಗಲ, ಉದ್ದಗಳನ್ನು 1:2:4ರ ಪ್ರಮಾಣದಲ್ಲಿ ಹಿಡಿದ ಜನ, ಸುಮಾರು 13.6 ಗ್ರಾಂ ತೂಗುವ ಘನಾಕಾರದ ತೂಕದ ಕಲ್ಲನ್ನು ಹರಪ್ಪಾದಿಂದ ಗುಜರಾತಿನವರೆಗೆ ಒಂದೇ ಅಳತೆಯಲ್ಲಿ ಕಡೆದ ಜನ, ಮಡಕೆಯಲ್ಲೂ ಅದೇ ಶಿಸ್ತನ್ನು ಇಟ್ಟುಕೊಂಡಿದ್ದರು. ನಮ್ಮ ಕುಳಿಯಲ್ಲಿ ಅಂಥ ಒಂದು ತೂಕದ ಕಲ್ಲು ಸಿಕ್ಕ ದಿನ ಅಡುಗೆಯವನೂ ಒಲೆ ಬಿಟ್ಟು ನೋಡಲು ಬಂದಿದ್ದ. ಆದರೆ ಮೇಲಿನ ಒಂದು ಮತ್ತು ಎರಡನೆಯ ಪದರಗಳ ಚೂರುಗಳು ದಪ್ಪನಾಗಿ, ಅಂಕುಡೊಂಕಾಗಿ, ಒಳಗೆ ಬೂದುಬಣ್ಣದ ಅರೆಬೆಂದ ಮಣ್ಣನ್ನು ಉಳಿಸಿಕೊಂಡು ಬರುತ್ತಿದ್ದವು. ಹಾಳೂರಿಗೆ ಆಮೇಲೆ ಯಾರೋ ಬಂದಿದ್ದವರು ಮಾಡಿದ್ದೆಂದು ತೀರ್ಮಾನಿಸಿ, ನಾಲ್ಕು ದಿನಗಳ ಕಾಲ ಆ ಬುಟ್ಟಿಗಳಿಂದ ಬಾಯಂಚುಗಳನ್ನಷ್ಟೇ ಆರಿಸಿ, ಉಳಿದದ್ದನ್ನು ಎಣಿಸದೆ, ತೂಗದೆ ಗುಡ್ಡೆಗೆ ಸುರಿಸಿದೆ.

ಚೂರು ತೊಳೆಯುತ್ತಿದ್ದ ಹಿರಿಯ ಹೆಂಗಸನ್ನು ನಾವೆಲ್ಲ ಊರಿನವರಂತೆಯೇ ‘ಬಾ’ (ಗುಜರಾತಿಯಲ್ಲಿ ಅಮ್ಮ) ಎನ್ನುತ್ತಿದ್ದೆವು. ಐದನೆಯ ದಿನ ಬಾ ಎರಡು ಚೂರುಗಳನ್ನು ನನ್ನ ಮುಂದೆ ಹಿಡಿದು, ‘ದೀಕರಾ (ಮಗನೇ), ಮಣ್ಣು ಬೇರೆ, ಆದರೆ ಕೊರಳು ಒಂದೇ ನೋಡು’ ಎಂದರು. ಒಂದು ಕೆಳಗಿನ ಪದರದ ನಯವಾದ ಚೂರು, ಇನ್ನೊಂದು ಹೊಟ್ಟು ಬೆರೆಸಿದ ಒರಟು ಮಣ್ಣಿನದು. ಎರಡರಲ್ಲೂ ಅಂಚು ಹೊರಗೆ ಮಡಿದಿದ್ದ ರೀತಿ, ಅದರ ಕೆಳಗಿನ ಸಣ್ಣ ಏಣು ಒಂದೇ ಕೈಯ ರೂಢಿಯಂತಿದ್ದವು. ಹೊಸಬರು ಬಂದಿರಲಿಲ್ಲ, ಹಳಬರ ಮೊಮ್ಮಕ್ಕಳೇ ಕೈಗೆ ಸಿಕ್ಕ ಮಣ್ಣಿನಲ್ಲಿ ಅಜ್ಜನ ಮಡಕೆಯನ್ನು ಮಾಡುತ್ತಿದ್ದರು.

ವಿಷಯ ತಿಳಿದ ನಮ್ಮ ಹಿರಿಯ ಅಧಿಕಾರಿ ರೇಗಲಿಲ್ಲ, ಅದೇ ಹೆಚ್ಚು ನೋವಾಯಿತು. ವಹಿಯ ಖಾಲಿ ಅಂಕಣಗಳನ್ನು ತೋರಿಸಿ, ಒರಟು ಚೂರುಗಳ ಪಾಲು ಪದರದಿಂದ ಪದರಕ್ಕೆ ಎಷ್ಟೆಷ್ಟು ಏರಿತೆಂಬುದನ್ನು ಇನ್ನು ಎಲ್ಲಿಂದ ತರುವುದೆಂದು ಕೇಳಿದರು. ನಗರದ ಅವನತಿ ಹಠಾತ್ತನೆ ಆಯಿತೋ ಮೆಲ್ಲಗೆ ಆಯಿತೋ ಎಂಬುದಕ್ಕೆ ನಮ್ಮಲ್ಲಿದ್ದ ಅತ್ಯುತ್ತಮ ಸಾಕ್ಷ್ಯ ಆ ಅನುಪಾತವೇ ಆಗಿತ್ತು. ಕನ್ನಡಿಗರೇ ಆದ ಶಿಕಾರಿಪುರ ರಂಗನಾಥ ರಾಯರು 1953ರಿಂದ 1956ರವರೆಗೆ ಸೌರಾಷ್ಟ್ರದ ರಂಗಪುರವನ್ನು ಅಗೆದಾಗ, ಹರಪ್ಪಾ ಮಡಕೆಗಳು ಕಡಿದುಹೋಗದೆ, ಹಂತಹಂತವಾಗಿ ಬದಲಾಗುತ್ತ ಹೊಳಪಿನ ಕೆಂಪು ಮಡಕೆಗಳವರೆಗೆ ಬಂದದ್ದನ್ನು ತೋರಿಸಿದ್ದು ಇಂಥ ಚೂರುಗಳಿಂದಲೇ. ಪರೀಕ್ಷೆಗೆ ನಾನದನ್ನು ಬಾಯಿಪಾಠ ಮಾಡಿದ್ದೆ. ಬುಟ್ಟಿ ಮುಂದೆ ಬಂದಾಗ ನೆನಪಾಗಲಿಲ್ಲ.

ನನ್ನ ತಲೆಯಲ್ಲಿ ಕುಳಿತದ್ದು ಬೇರೆಯದೇ ಚಿತ್ರ. 1946ರಲ್ಲಿ ಹರಪ್ಪಾದಲ್ಲಿ ಅಗೆದ ಮಾರ್ಟಿಮರ್ ವೀಲರ್, ಮೊಹೆಂಜೊದಾರೊದ ಅಸ್ಥಿಪಂಜರಗಳನ್ನು ಹತ್ಯಾಕಾಂಡದ ಗುರುತೆಂದು ಭಾವಿಸಿ ಹೊರಗಿನವರ ದಾಳಿಯಿಂದ ಈ ನಗರಗಳು ಅಳಿದವೆಂಬ ಕಥೆಗೆ ಬಲ ಕೊಟ್ಟರು. ಆ ಎಲುಬುಗಳೆಲ್ಲ ಒಂದೇ ಕಾಲದವಲ್ಲವೆಂದು 1964ರಲ್ಲೇ ಪುರಾತತ್ವಜ್ಞ ಜಾರ್ಜ್ ಡೇಲ್ಸ್ ಅದನ್ನು ತಳ್ಳಿಹಾಕಿದರೂ, ಕಥೆ ಮಾತ್ರ ಶಾಲೆಯ ಪಾಠಗಳಲ್ಲಿ ಬಹುಕಾಲ ಬಾಳಿತು. ಮಳೆಗಾಲ ದುರ್ಬಲಗೊಂಡದ್ದು, ಘಗ್ಗರ್-ಹಾಕ್ರಾ ನದಿಯ ಬಯಲಿನಲ್ಲಿ ನೀರು ಕಡಿಮೆಯಾದದ್ದು, ಮೆಸೊಪೊಟೇಮಿಯಾದೊಂದಿಗಿನ ವ್ಯಾಪಾರ ಕುಗ್ಗಿದ್ದು, ಜನ ಪೂರ್ವಕ್ಕೂ ಸೌರಾಷ್ಟ್ರಕ್ಕೂ ಸರಿದು ಸಣ್ಣ ಹಳ್ಳಿಗಳಲ್ಲಿ ನೆಲೆಸಿದ್ದು, ಇವೆಲ್ಲ ಯುದ್ಧದಷ್ಟು ರೋಚಕವಲ್ಲವಷ್ಟೆ.

ಒಂದು ರಜೆಯ ದಿನ ಕಚ್ಛ್‌ನಲ್ಲೇ ಇರುವ ಹರಪ್ಪಾ ನಗರ ಧೋಲಾವೀರಾಕ್ಕೆ ಹೋದೆ. ಕಲ್ಲಿನಲ್ಲಿ ಕಡೆದ ದೊಡ್ಡ ಜಲಾಶಯಗಳ ಮುಂದೆ ಪ್ರವಾಸಿಗರು ನೆರೆದಿದ್ದರು. 1990ರಿಂದ ಅಲ್ಲಿ ಉತ್ಖನನ ನಡೆಸಿದ ಆರ್. ಎಸ್. ಬಿಷ್ಟ್ ಗುರುತಿಸಿದ ಏಳು ಹಂತಗಳಲ್ಲಿ ಐದನೆಯದರಲ್ಲಿ ಮಡಕೆ, ಮುದ್ರೆಗಳು ಇನ್ನೂ ಹಳೆಯ ಮಟ್ಟದಲ್ಲೇ ಇದ್ದರೂ ಕೋಟೆಯ ದುರಸ್ತಿ ನಿಂತಿತ್ತು. ಆಮೇಲೆ ಊರು ಕೆಲಕಾಲ ಪಾಳುಬಿದ್ದು, ಮರಳಿ ಬಂದವರು ಹಳೆಯ ಕಟ್ಟಡಗಳ ಕಲ್ಲನ್ನೇ ಕಿತ್ತು ಚಿಕ್ಕದಾಗಿ ಮನೆ ಕಟ್ಟಿಕೊಂಡರು. ಕೊನೆಯ ಹಂತದವರು ದುಂಡು ಗುಡಿಸಲುಗಳಲ್ಲಿ ವಾಸಿಸಿದರು. ಆ ಗುಡಿಸಲುಗಳ ಕಲ್ಲಿನ ಸುತ್ತುಗಳ ಬಳಿ ನಾನೊಬ್ಬನೇ ಬಹಳ ಹೊತ್ತು ನಿಂತಿದ್ದೆ.

ಮರಳಿದ ಮೇಲೆ ಬಾ ಮತ್ತು ನಾನು ಎರಡು ದಿನ ಗುಡ್ಡೆಯನ್ನು ಕೆದಕಿ, ಒರಟು ಚೂರುಗಳನ್ನು ಹೊರತೆಗೆದೆವು. ಮೂರು ಗೋಣಿಚೀಲ ತುಂಬಿತು. ಯಾವ ಚೂರು ಯಾವ ಪದರದ್ದೆಂದು ಹೇಳುವ ದಾರಿ ಇರಲಿಲ್ಲವಾದ್ದರಿಂದ ಚೀಟಿಯ ಮೇಲೆ ‘ಪದರ ತಿಳಿಯದು’ ಎಂದು ನನ್ನ ಕೈಯಾರೆ ಬರೆದು ಕಟ್ಟಿದೆ. ಉತ್ಖನನದ ಯಾವ ಕೋಷ್ಟಕಕ್ಕೂ ಆ ಮೂರು ಚೀಲಗಳು ಸೇರಲಿಲ್ಲ.