ಮೊದಲು ಚಿಕಿತ್ಸೆಯೋ, ಮೊದಲು ಮನೆಯೋ?

ಮನೆಯಿಲ್ಲದವರ ಜೊತೆ ಕೆಲಸ ಮಾಡುತ್ತೇನೆ ಅಂದ ಕೂಡಲೇ ಬಹಳ ಜನ ಒಂದೇ ಪ್ರಶ್ನೆ ಕೇಳುತ್ತಾರೆ. “ಮಾನಸಿಕ ಕಾಯಿಲೆ ಇರುವವರಿಗೆ ಸುಮ್ನೆ ಮನೆ ಕೊಟ್ಟರೆ ಏನು ಬಂತು? ಮೊದಲು ಚಿಕಿತ್ಸೆ ಕೊಡಿಸಿ. ಸ್ವಲ್ಪ ಸುಧಾರಿಸಲಿ. ಮನೆ ಆಮೇಲೆ ನೋಡಿದರಾಯಿತು, ಅಲ್ವಾ?”

ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಕೆಲಸ ಶುರು ಮಾಡಿದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಈಗ ನನ್ನ ಉತ್ತರ ಬೇರೆ. ಮೊದಲು ಮನೆ. ಆದರೆ ಬೀಗದ ಕೈ ಕೊಟ್ಟು ನಾವು ನಮ್ಮ ದಾರಿ ಹಿಡಿದರೆ ಆ ಮನೆ ಉಳಿಯುವುದಿಲ್ಲ. ಅದನ್ನು ಉಳಿಸಲು ನಾಲ್ಕಾರು ಕಡೆಯವರು ಒಟ್ಟಿಗೆ ಕೂತು ಒಬ್ಬರಿಂದೊಬ್ಬರು ಕಲಿಯಬೇಕಾಗುತ್ತದೆ.

ಬೀದಿಯಲ್ಲಿದ್ದುಕೊಂಡು ಮಾತ್ರೆ ನುಂಗುವುದು ಹೇಗಿರುತ್ತದೆ ಅಂತ ಯೋಚಿಸಿ ನೋಡಿ. ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜ ಅನ್ನಿಸುವ ಸ್ಕಿಜೋಫ್ರೇನಿಯಾ ಕಾಯಿಲೆಗೆ ಕೊಡುವ ಎಷ್ಟೋ ಮಾತ್ರೆಗಳು ನಿದ್ದೆ ಬರಿಸುತ್ತವೆ. ಮನೆಯಲ್ಲಿದ್ದರೆ ಅದರಿಂದ ಅನುಕೂಲವೇ. ಫುಟ್‌ಪಾತಿನಲ್ಲಿ ಗಾಢ ನಿದ್ದೆ ಹತ್ತಿದರೆ ಚೀಲ ಹೋಗುತ್ತದೆ, ಚಪ್ಪಲಿ ಹೋಗುತ್ತದೆ. ಹೆಂಗಸಾದರೆ ಇನ್ನೂ ದೊಡ್ಡ ಭಯ. ಹಾಗಾಗಿ ಮಾತ್ರೆ ಬಿಟ್ಟುಬಿಡುತ್ತಾರೆ. ನೋಡುವವರಿಗೆ ಅದು ಹಟದ ಹಾಗೆ ಕಾಣುತ್ತದೆ. ಮನಸ್ಸು ವಿಪರೀತ ಏರಿ ಇಳಿಯುವ ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಅನ್ನುವ ಔಷಧಿ ಇನ್ನೂ ಸೂಕ್ಷ್ಮ. ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಬಿಸಿಲಲ್ಲಿ ಬೆವರಿ, ಕುಡಿಯಲು ನೀರು ಸಿಗದೆ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಅದರ ಮೇಲೆ ನಿದ್ದೆ. ನಿದ್ದೆಗೆಟ್ಟರೆ ಕಾಯಿಲೆ ಜಾಸ್ತಿ, ಕಾಯಿಲೆ ಜಾಸ್ತಿಯಾದರೆ ನಿದ್ದೆ ಇಲ್ಲ. ‘ಮೊದಲು ಸುಧಾರಿಸಲಿ’ ಅನ್ನುತ್ತೇವಲ್ಲ, ಎಲ್ಲಿ ಮಲಗಿ ಸುಧಾರಿಸಬೇಕು?

ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಅನ್ನುವ ಮನೋವಿಜ್ಞಾನಿ ಬೀದಿಯಲ್ಲಿರುವವರ ನಡುವೆ ಕೆಲಸ ಮಾಡುತ್ತಿದ್ದರು. ಆಸ್ಪತ್ರೆಗೆ ಸೇರಿಸಿದವರು ಮತ್ತೆ ಬೀದಿಗೇ ಬರುವುದನ್ನು ಕಂಡರು. 1992ರಲ್ಲಿ ಅವರು ಶುರು ಮಾಡಿದ ಸಂಸ್ಥೆ ಲೆಕ್ಕವನ್ನು ತಿರುಗಿಸಿತು. ಮಾತ್ರೆ ತಗೊಳ್ಳಲೇಬೇಕು, ಕುಡಿತ ಬಿಟ್ಟಿರಲೇಬೇಕು ಅನ್ನುವ ಷರತ್ತಿಲ್ಲದೆ ಮನೆ ಕೊಟ್ಟರು. ಚಿಕಿತ್ಸೆ ಬೇಕು ಅಂದವರಿಗೆ ತಂಡವೇ ಮನೆ ಬಾಗಿಲಿಗೆ ಹೋಯಿತು. ಇದನ್ನು ಹೌಸಿಂಗ್ ಫಸ್ಟ್, ಅಂದರೆ ‘ಮೊದಲು ಮನೆ’ ಅನ್ನುತ್ತಾರೆ.

ಇದು ಬರೀ ಒಳ್ಳೆಯ ಮನಸ್ಸಿನ ಮಾತಾ ಅಂತ ಕೇಳಿದರೆ ನಾನು ಕೆನಡಾ ಕಡೆ ತೋರಿಸುತ್ತೇನೆ. 2009ರಿಂದ 2013ರವರೆಗೆ ಅಲ್ಲಿ ಐದು ಊರುಗಳಲ್ಲಿ ಸುಮಾರು 2,000 ಜನರ ಜೊತೆ ಒಂದು ದೊಡ್ಡ ಅಧ್ಯಯನ ನಡೆಯಿತು. ಎಲ್ಲರೂ ಮನೆಯಿಲ್ಲದವರು, ಮಾನಸಿಕ ಕಾಯಿಲೆ ಇದ್ದವರು. ಯಾರಿಗೆ ಮೊದಲು ಮನೆ, ಯಾರಿಗೆ ಊರಲ್ಲಿ ಆಗಲೇ ಇದ್ದ ಸೇವೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಗೊತ್ತು ಮಾಡಿದರು. ಕೊನೆಯ ಆರು ತಿಂಗಳು ನೋಡಿದಾಗ, ಮೊದಲು ಮನೆ ಸಿಕ್ಕವರಲ್ಲಿ 100ಕ್ಕೆ 62 ಮಂದಿ ಅಷ್ಟೂ ದಿನ ಮನೆಯಲ್ಲೇ ಇದ್ದರು. ಇನ್ನೊಂದು ಗುಂಪಿನಲ್ಲಿ 31 ಮಂದಿ.

ಅದೇ ಅಧ್ಯಯನದ ಇನ್ನೊಂದು ಮಾತನ್ನೂ ಹೇಳಲೇಬೇಕು. ಕಾಯಿಲೆಯ ಲಕ್ಷಣಗಳು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಥರ ಇಳಿದವು. ಅಂದರೆ ಗೋಡೆ, ಸೂರು ಕಾಯಿಲೆಗೆ ಮದ್ದಲ್ಲ. ಮೊದಲು ಮನೆ ಪಡೆದವರಲ್ಲೂ 100ಕ್ಕೆ 16 ಮಂದಿ ಆ ಆರು ತಿಂಗಳಲ್ಲಿ ಒಂದು ದಿನವೂ ಮನೆಯಲ್ಲಿರಲಿಲ್ಲ. ನನಗೆ ಮುಖ್ಯ ಅನ್ನಿಸುವುದು ಈ 16 ಮಂದಿ. ಅವರ ಮನೆ ಯಾಕೆ ಉಳಿಯಲಿಲ್ಲ?

ನಮ್ಮ ಅನುಭವವನ್ನೇ ಹೇಳುತ್ತೇನೆ. ಹಲವು ವರ್ಷ ಹೊರಗೇ ಇದ್ದ ಒಬ್ಬರಿಗೆ ಬಾಡಿಗೆ ಕೋಣೆ ಸಿಕ್ಕಿತು. ನಾಲ್ಕು ತಿಂಗಳು ಚೆನ್ನಾಗಿತ್ತು. ಆಮೇಲೆ ಕಾಯಿಲೆ ಕೆರಳಿ ಆಸ್ಪತ್ರೆ ಸೇರಿದರು. ಆರು ವಾರದ ನಂತರ ಒಂದು ಶುಕ್ರವಾರ ಸಂಜೆ ಡಿಸ್ಚಾರ್ಜ್ ಆಯಿತು. ಅಷ್ಟರಲ್ಲಿ ಬಾಡಿಗೆ ಕಟ್ಟಿರಲಿಲ್ಲ, ಕೋಣೆಗೆ ಬೇರೆಯವರು ಬಂದಿದ್ದರು. ಡಾಕ್ಟರಿಗೆ ಕೋಣೆ ವಿಷಯ ಗೊತ್ತಿರಲಿಲ್ಲ. ಮಾಲೀಕರಿಗೆ ಆಸ್ಪತ್ರೆ ವಿಷಯ ಗೊತ್ತಿರಲಿಲ್ಲ. ನಮಗೆ ಎರಡೂ ಗೊತ್ತಿತ್ತು, ಆದರೆ ಜೋಡಿಸಿ ನೋಡಿರಲಿಲ್ಲ. ಅವರು ಮತ್ತೆ ಅದೇ ಫುಟ್‌ಪಾತಿಗೆ ಹೋದರು. ಆ ನೋವು ನನಗೆ ಇನ್ನೂ ಇದೆ.

ಆಮೇಲೆ ತಿಂಗಳಿಗೊಮ್ಮೆ ಎಲ್ಲರೂ ಕೂರಲು ಶುರು ಮಾಡಿದೆವು. ಡಾಕ್ಟರು, ನರ್ಸು, ಮನೆ ಹುಡುಕುವವರು, ಮನೆ ಮಾಲೀಕರು, ಪೊಲೀಸರು, ಮತ್ತೆ ಬೀದಿಯಲ್ಲಿ ಬದುಕಿ ಬಂದವರು. ಒಂದೊಂದು ಸಲ ಒಬ್ಬರ ವಿಷಯ, ಅದೂ ಅವರ ಒಪ್ಪಿಗೆ ಇದ್ದರೆ ಮಾತ್ರ.

ಮೊದಲ ಕೆಲವು ಸಭೆಗಳಲ್ಲಿ ಒಬ್ಬರ ಮೇಲೊಬ್ಬರು ದೂರು ಹೇಳಿದ್ದೇ ಆಯಿತು. ನಿಧಾನವಾಗಿ ಕಲಿಕೆ ಶುರುವಾಯಿತು. ಬಂದ ಪತ್ರಗಳನ್ನು ಒಡೆಯದೆ ಬಾಗಿಲ ಹತ್ತಿರ ಬಿಟ್ಟಿದ್ದರೆ ಏನೋ ಸರಿಯಿಲ್ಲ ಅಂತ ಅರ್ಥ ಅಂದರು ಒಬ್ಬ ಮಾಲೀಕರು. ಡಾಕ್ಟರಿಗೆ ತಿಂಗಳ ನಂತರ ಕಾಣುವುದು ಅವರಿಗೆ ವಾರದಲ್ಲೇ ಕಾಣುತ್ತಿತ್ತು. ಯಾರಿಗೆ ಫೋನ್ ಮಾಡಬೇಕು ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಜಾಸ್ತಿ ಕಲಿಸಿದವರು ಬೀದಿಯಿಂದ ಬಂದವರೇ. ಮನೆ ಸಿಕ್ಕ ಮೊದಲ ತಿಂಗಳೇ ಎಲ್ಲಕ್ಕಿಂತ ಕಷ್ಟ ಅಂದರು ಒಬ್ಬರು. ಸುತ್ತ ಸದ್ದಿಲ್ಲ, ಮಾತಿಗೆ ಯಾರೂ ಇಲ್ಲ. ಮಂಚವಿದ್ದರೂ ಬಾಗಿಲಿಗೆ ಒರಗಿ ನೆಲದ ಮೇಲೆ ಮಲಗುತ್ತಿದ್ದರಂತೆ. ನಾವು ಅದುವರೆಗೂ ಮೊದಲ ವಾರ ಮನೆ ತೋರಿಸಿ, ಎರಡನೇ ಭೇಟಿಗೆ ಹದಿನೈದು ದಿನ ಬಿಟ್ಟು ಹೋಗುತ್ತಿದ್ದೆವು. ಈಗ ಮೊದಲ ತಿಂಗಳು ದಿನ ಬಿಟ್ಟು ದಿನ ಹೋಗುತ್ತೇವೆ. ಇಂಥವರನ್ನು ಕಣ್ಣೀರಿನ ಕಥೆ ಹೇಳಿಸಲು ವೇದಿಕೆಗೆ ಕರೆದು, ತೀರ್ಮಾನದ ಹೊತ್ತಿಗೆ ಹೊರಗೆ ಕೂರಿಸುವುದು ನನಗೆ ತಪ್ಪಾಗಿ ಕಾಣುತ್ತದೆ. ಯೋಜನೆ ಮಾಡುವಾಗಲೇ ಕರೆಯಬೇಕು. ಉಳಿದವರಿಗೆ ಸಂಬಳ ಇದೆ ಅಂದಮೇಲೆ ಅವರ ಸಮಯಕ್ಕೂ ದುಡ್ಡು ಕೊಡಬೇಕು.

ಕೊಡಲು ಮನೆಗಳೇ ಇಲ್ಲದಿದ್ದರೆ ಎಷ್ಟು ಸಭೆ ಮಾಡಿದರೂ ಅಷ್ಟೇ, ಅದೂ ನಿಜ. ಫಿನ್ಲೆಂಡ್ 2008ರಿಂದ ರಾತ್ರಿ ತಂಗುದಾಣಗಳನ್ನೇ ಬಾಡಿಗೆ ಕರಾರಿರುವ ಮನೆಗಳಾಗಿ ಬದಲಾಯಿಸುತ್ತಾ ಬಂತು, ಹೊಸದನ್ನೂ ಕಟ್ಟಿಸಿತು. ಎಲ್ಲರೂ ಒಂಟಿಯಾಗಿಯೇ ಇರಬೇಕು ಅಂತಲೂ ಇಲ್ಲ. ಮಾನಸಿಕ ಕಾಯಿಲೆ ಇರುವ ಮನೆಯಿಲ್ಲದವರಿಗಾಗಿ 1993ರಲ್ಲಿ ಚೆನ್ನೈನಲ್ಲಿ ಶುರುವಾದ ಬ್ಯಾನಿಯನ್ ಸಂಸ್ಥೆಯ ‘ಹೋಮ್ ಅಗೇನ್’ ಯೋಜನೆಯಲ್ಲಿ ನಾಲ್ಕೈದು ಜನ ಸೇರಿ ಮಾಮೂಲಿ ಬೀದಿಯ ಮಾಮೂಲಿ ಬಾಡಿಗೆ ಮನೆಯಲ್ಲಿರುತ್ತಾರೆ. ನೋಡಿಕೊಳ್ಳುವವರು ಜೊತೆಗಿರುತ್ತಾರೆ.

ಕೋಣೆ ಕಳೆದುಕೊಂಡವರಿಗೆ ಒಂದು ವರ್ಷದ ನಂತರ ಇನ್ನೊಂದು ಮನೆ ಸಿಕ್ಕಿತು. ಮತ್ತೊಮ್ಮೆ ಆಸ್ಪತ್ರೆಗೂ ಹೋಗಬೇಕಾಯಿತು. ಈ ಸಲ ವಾರ್ಡಿನ ನರ್ಸು ಡಿಸ್ಚಾರ್ಜ್‌ಗೆ ಮೂರು ದಿನ ಮೊದಲೇ ನಮಗೆ ಫೋನ್ ಮಾಡಿದರು. ಬಾಡಿಗೆ ಕಟ್ಟಿ ಆಗಿತ್ತು. ಬೀಗದ ಕೈ ಮಾಲೀಕರ ಹತ್ತಿರ ಇತ್ತು. ಅವರು ಸಂಜೆ ದೀಪ ಹಾಕಿ ಕಾಯುತ್ತಿದ್ದರು.