ಬೀದರ್‌ಗೆ ಹೋಗ್ತೀರಾ? ಕೋಟೆಗಿಂತ ಮೊದಲು ಓಣಿ ನೋಡಿ

ನಾನು ಕಲಬುರಗಿಯವನು. ಬೀದರ್‌ಗೆ ಐದಾರು ಸಲ ಹೋಗಿದ್ದೇನೆ. ಪ್ರತಿ ಸಲವೂ ಕೋಟೆ, ನಾನಕ್ ಝೀರಾ ಗುರುದ್ವಾರ, ವಾಪಸ್ ರೈಲು. ಈ ಸಲ ಗೆಳೆಯನ ಮೂಲಕ ಅಲ್ಲಿನ ನಿವೃತ್ತ ಮಾಸ್ತರ್ ಒಬ್ಬರ ಪರಿಚಯವಾಯಿತು. ಹೊರಗಿನಿಂದ ಬಂದವರಿಗೆ ಹಳೇ ಊರು ತೋರಿಸೋದು ಅವರಿಗೆ ಇಷ್ಟದ ಕೆಲಸ, ದುಡ್ಡು ತಗೊಳ್ಳಲ್ಲ. ಫೋನಲ್ಲೇ ಹೇಳಿಬಿಟ್ಟರು: "ಕೋಟೆ ಎಲ್ಲಿಗೂ ಓಡಿ ಹೋಗಂಗಿಲ್ರಿ. ಮೊದ್ಲು ಓಣಿ ತಿರುಗೋಣ ಬರ್ರಿ."

ಬೆಳಿಗ್ಗೆ ಏಳಕ್ಕೇ ಚೌಬಾರಾ ಹತ್ತಿರ ಸೇರಿದೆವು. ನಾಲ್ಕು ದಾರಿ ಕೂಡುವಲ್ಲಿ ನಿಂತಿರುವ ದುಂಡನೆಯ ಹಳೇ ಕಾವಲು ಗೋಪುರ ಅದು. ಓಣಿಗಳಲ್ಲಿ ದಾರಿ ತಪ್ಪಿದರೆ ಚೌಬಾರಾ ಎಲ್ಲಿ ಅಂತ ಕೇಳಿ, ಸಾಕು. ಬೇಸಿಗೆಯಲ್ಲಿ ಹೋಗೋರು ಈ ಹೊತ್ತನ್ನು ಬಿಡಲೇಬೇಡಿ, ಹತ್ತು ದಾಟಿದ ಮೇಲೆ ನಮ್ಮ ಕಡೆಯ ಬಿಸಿಲು ಗೊತ್ತೇ ಇದೆ ಅಲ್ವಾ.

ಅಲ್ಲಿಂದ ನಡೆದೇ ಮಹಮೂದ್ ಗವಾನ್ ಮದರಸಾಕ್ಕೆ ಹೋದೆವು. ಇರಾನಿನಿಂದ ಬಂದು ಬಹಮನಿಗಳ ಮಂತ್ರಿಯಾದವನು 1472ರಲ್ಲಿ ಕಟ್ಟಿಸಿದ ಶಾಲೆ. ಮುಂದಿನ ಎರಡು ಮಿನಾರುಗಳಲ್ಲಿ ಈಗ ಒಂದೇ ಉಳಿದಿದೆ. ಅದರ ಮೇಲೆ ನೀಲಿ ಹೆಂಚಿನ ಚೂರುಗಳು ಇನ್ನೂ ಅಂಟಿಕೊಂಡಿವೆ, ಬೆಳಗಿನ ಬಿಸಿಲಲ್ಲಿ ನೋಡಬೇಕು.

ನನಗೆ ಇಡೀ ದಿನದಲ್ಲಿ ಮನಸ್ಸಿಗೆ ಹಿಡಿದಿದ್ದು ಬಿದ್ರಿ ಕೆಲಸದವರ ಓಣಿ. ಅಂಗಡಿಗಳು ಹತ್ತರ ಮೇಲೇ ತೆರೆಯೋದು, ಹಾಗಾಗಿ ಅದನ್ನು ಕೊನೆಗಿಟ್ಟುಕೊಳ್ಳಿ. ಚಿಕ್ಕ ಕೋಣೆ, ನೆಲದ ಮೇಲೆ ಕೂತ ಕುಶಲಕರ್ಮಿ, ಮುಂದೆ ಸತು ಮತ್ತು ತಾಮ್ರ ಸೇರಿಸಿ ಎರಕ ಹೊಯ್ದ ಹೂಜಿ. ಅದರ ಮೇಲೆ ಉಳಿಯಿಂದ ಬಳ್ಳಿ ಕೆತ್ತಿ, ಆ ಕೂದಲೆಳೆಯಂಥ ಗೀರಿನೊಳಗೆ ಬೆಳ್ಳಿ ತಂತಿ ಇಟ್ಟು, ಸುತ್ತಿಗೆಯಿಂದ ಟಕ್ ಟಕ್ ಅಂತ ಕೂರಿಸುತ್ತಾ ಹೋಗುತ್ತಾರೆ. ಆಗ ಎಲ್ಲವೂ ಬೂದು ಬಣ್ಣ, ಬೆಳ್ಳಿ ಯಾವುದು ಲೋಹ ಯಾವುದು ಗೊತ್ತಾಗಲ್ಲ. ಕೊನೆಗೆ ಕೋಟೆಯ ಹಳೇ ಮಣ್ಣು, ನವಸಾಗರ ಅನ್ನೋ ಲವಣ ಹಾಕಿದ ಬಿಸಿ ನೀರಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ! ಮಣ್ಣು ಸರಿ ಇದೆಯಾ ಅಂತ ಅವರು ನಾಲಿಗೆಗೆ ಹಚ್ಚಿ ನೋಡುತ್ತಾರಂತೆ. ಫೋಟೊ ತೆಗೆಯೋ ಮುಂಚೆ ಕೇಳಿ. ದಿನಗಟ್ಟಲೆ ಕೂತು ಮಾಡಿದ ಕೆಲಸಕ್ಕೆ ಚೌಕಾಸಿ ಜಾಸ್ತಿ ಮಾಡಬೇಡಿ. ನಾನು ಒಂದು ಜೊತೆ ಕಿವಿಯೋಲೆ ತಗೊಂಡೆ.

ನಾವು ಮಾಡಿದ ತಪ್ಪು ಹೇಳ್ತೀನಿ. ನೌಬಾದಿನ ಸುರಂಗ ಬಾವಿಗೆ ಸಂಜೆ ಹೋದೆವು. ನೆಲದಡಿ ಕಾಲುವೆ ತೋಡಿ, ಅಲ್ಲಲ್ಲಿ ಬಾವಿಯಂತೆ ಕಿಂಡಿ ಬಿಟ್ಟು ನೀರು ತರುವ ಪರ್ಷಿಯಾದ ವಿಧಾನ ಅದು. ಕತ್ತಲಾಗಿತ್ತು, ಬಗ್ಗಿ ನೋಡಿದರೆ ಏನೂ ಕಾಣಲಿಲ್ಲ. ಅಷ್ಟು ದೂರ ಬಂದು ಹಾಗೇ ತಿರುಗಿದ್ದು ನನಗೆ ಇನ್ನೂ ಬೇಜಾರು. ನೀವು ಬೆಳಕಿರುವಾಗಲೇ ಆಟೊ ಹಿಡಿಯಿರಿ.

ಅಷ್ಟೂರಿನ ಗುಮ್ಮಟಗಳಿಗೆ ಮರುದಿನ ಬೆಳಿಗ್ಗೆ ಹೋಗಿ. ನಮ್ಮ ಕಲಬುರಗಿಯಿಂದ ರಾಜಧಾನಿಯನ್ನು ಬೀದರ್‌ಗೆ ಒಯ್ದ ಅಹ್ಮದ್ ಶಾ ವಲಿಯ ಗೋರಿ ಅಲ್ಲಿದೆ. ಒಳಗೆ ಕತ್ತಲು. ಅಲ್ಲಿದ್ದವರೊಬ್ಬರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ಬಿಟ್ಟಾಗ ಗುಮ್ಮಟದ ಬಣ್ಣವೆಲ್ಲ ಎದ್ದು ಬಂತು.

ಪರಿಚಯದವರು ಯಾರೂ ಇಲ್ವಾ? ಬಿದ್ರಿ ಅಂಗಡಿಯಲ್ಲೋ, ಅಲ್ಲಿನ ಕಾಲೇಜಿನ ಇತಿಹಾಸದ ಮೇಷ್ಟ್ರ ಹತ್ತಿರವೋ ವಿಚಾರಿಸಿ, ಊರಿನ ಮೇಲೆ ಪ್ರೀತಿ ಇರೋರು ಒಬ್ಬರಾದರೂ ಸಿಗ್ತಾರೆ. ವಾರ ಮೊದಲೇ ಫೋನ್ ಮಾಡಿ, ಹೇಳಿದ ಹೊತ್ತಿಗೆ ತಲುಪಿ. ನಮ್ಮ ಮಾಸ್ತರ್ ಚಹಾದ ದುಡ್ಡನ್ನೂ ಕೊಡಗೊಡಲಿಲ್ಲ. "ಮುಂದಿನ ಸಲ ಮಕ್ಕಳ್ನ ಕರ್ಕೊಂಡು ಬರ್ರಿ" ಅಂದರು. ದಸರಾ ರಜೆಗೆ ಟಿಕೆಟ್ ಮಾಡಿಸಿದ್ದೇನೆ.