ಸುದ್ದಿ ಡೆಸ್ಕ್‌ನಲ್ಲಿ ಇಂಗ್ಲಿಷ್ ಪದ ಹಿಡಿಯುವ ಬಗೆ

ಕನ್ನಡ ಪತ್ರಿಕೆಯ ಡೆಸ್ಕ್‌ನಲ್ಲಿ ಕೂತವರ ಕಣ್ಣಿಗೆ ದಿನವಿಡೀ ಇಂಗ್ಲಿಷ್ ಬೀಳುತ್ತಲೇ ಇರುತ್ತದೆ. ಸುದ್ದಿ ಸಂಸ್ಥೆಗಳು ಕಳಿಸುವ ವರದಿ (ಏಜೆನ್ಸಿ ಕಾಪಿ), ಕೋರ್ಟ್ ಆದೇಶ, ಜಲಾಶಯದ ಮಟ್ಟ, ಕ್ರಿಕೆಟ್ ವರದಿ, ವಿದೇಶಾಂಗ ಸಚಿವಾಲಯದ ಹೇಳಿಕೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಇವುಗಳಲ್ಲಿನ ಅಪರೂಪದ ಪದಗಳನ್ನೇ ಹುಡುಕಿ ಬರೆದಿಟ್ಟುಕೊಳ್ಳುತ್ತಾರೆ. ಅಂಥ ಪದಗಳಿಂದ ಅಪಾಯ ಕಡಿಮೆ. ಗೊತ್ತಿಲ್ಲದ ಪದ ಕಂಡರೆ ಯಾರಾದರೂ ನಿಘಂಟು ತೆಗೆದೇ ತೆಗೆಯುತ್ತಾರೆ. ತಪ್ಪು ಅಚ್ಚಾಗುವುದು ಅರ್ಧ ಗೊತ್ತಿರುವ ಪದದಿಂದ. ಓದುವಾಗ ಅದು ಎಲ್ಲೂ ತಡೆಯುವುದಿಲ್ಲವಾದ್ದರಿಂದ ಯಾರೂ ನಿಂತು ನೋಡುವುದಿಲ್ಲ.

‘ಡಿಸ್‌ಚಾರ್ಜ್’ ತೆಗೆದುಕೊಳ್ಳಿ. ಜಲಾಶಯದ ಸುದ್ದಿಯಲ್ಲಿ ಅದು ಹೊರಹರಿವು, ಕ್ಯುಸೆಕ್ ಲೆಕ್ಕ. ಆಸ್ಪತ್ರೆ ಸುದ್ದಿಯಲ್ಲಿ ರೋಗಿಯನ್ನು ಮನೆಗೆ ಕಳಿಸುವುದು. ವೈದ್ಯರ ಟಿಪ್ಪಣಿಯಲ್ಲಾದರೆ ಗಾಯದಿಂದ ಸೋರುವ ಕೀವು ಅಥವಾ ದ್ರವ. ಕೋರ್ಟ್ ಸುದ್ದಿಯಲ್ಲಿ ‘ಡಿಸ್‌ಚಾರ್ಜ್ಡ್’ ಎಂದರೆ ಆರೋಪ ನಿಗದಿ ಮಾಡುವಷ್ಟು ಆಧಾರವಿಲ್ಲವೆಂದು ವಿಚಾರಣೆ ಶುರುವಾಗುವ ಮೊದಲೇ ಆರೋಪಿಯನ್ನು ಪ್ರಕರಣದಿಂದ ಕೈಬಿಟ್ಟಿದ್ದಾರೆ ಎಂದು. ವಿಚಾರಣೆ ನಡೆದು, ಆರೋಪ ಸಾಬೀತಾಗದೆ ಬಂದ ತೀರ್ಪಿಗೆ ಇಂಗ್ಲಿಷ್‌ನಲ್ಲಿ ‘ಅಕ್ವಿಟಲ್’ ಎನ್ನುತ್ತಾರೆ; ನಮ್ಮ ‘ಖುಲಾಸೆ’ ಅದಕ್ಕೆ ಸಲ್ಲುವ ಪದ. ಎರಡಕ್ಕೂ ‘ಖುಲಾಸೆ’ ಎಂದೇ ಬರೆದುಬಿಟ್ಟರೆ, ನಡೆಯದ ವಿಚಾರಣೆಯನ್ನು ನಡೆದು ಮುಗಿದಂತೆ ಓದುಗರಿಗೆ ಹೇಳಿದ ಹಾಗಾಗುತ್ತದೆ. ಆರೋಪಿಯ ಮಾನದ ಪ್ರಶ್ನೆಯೂ ಇದರಲ್ಲಿದೆ. ಹಾಗಾಗಿ ಇದನ್ನು ಭಾಷೆಯ ಸಣ್ಣ ಸೂಕ್ಷ್ಮವೆಂದು ತಳ್ಳಿಹಾಕುವಂತಿಲ್ಲ.

ಇಂಥ ಪದಗಳನ್ನು ಅಕ್ಕಪಕ್ಕದ ಪದಗಳಿಂದ ಗುರುತು ಹಿಡಿಯಬೇಕು. ಸಾಲಕ್ಕೆ, ಹುದ್ದೆಗೆ, ಅನುದಾನಕ್ಕೆ ‘ಸ್ಯಾಂಕ್ಷನ್’ ಸಿಕ್ಕಿದರೆ ಮಂಜೂರಾತಿ. ಬಹುವಚನದಲ್ಲಿ, ಒಂದು ದೇಶದ ‘ಮೇಲೆ’ ಹೇರಿದರೆ ನಿರ್ಬಂಧ. ‘ಓವರ್‌ಸೈಟ್’ ಹಿಂದೆ ‘ಆ್ಯನ್’ ಇದ್ದರೆ ಸಾಮಾನ್ಯವಾಗಿ ಕಣ್ತಪ್ಪು. ಅದಿಲ್ಲದೆ ಸಮಿತಿ, ಮಂಡಳಿ ಜೊತೆ ಬಂದರೆ ಉಸ್ತುವಾರಿ. ಕೆಲವು ಪದಗಳಿಗೆ ಅಕ್ಕಪಕ್ಕವೂ ಸಾಲದು, ಸುದ್ದಿ ಎಲ್ಲಿಂದ ಬಂತು ಎಂದು ನೋಡಬೇಕು. ದೆಹಲಿಯಲ್ಲೋ ಲಂಡನ್‌ನಲ್ಲೋ ಮಸೂದೆಯನ್ನು ‘ಟೇಬಲ್’ ಮಾಡಿದರೆ ಸದನದಲ್ಲಿ ಮಂಡಿಸಿದ್ದಾರೆ. ವಾಷಿಂಗ್ಟನ್‌ನಿಂದ ಅದೇ ಪದ ಬಂದರೆ ಚರ್ಚೆಯನ್ನು ಬದಿಗಿಟ್ಟಿದ್ದಾರೆ, ಪೂರ್ತಿ ಉಲ್ಟಾ. ‘ಮೂಟ್’ ಕೂಡ ಹಾಗೆಯೇ. ನಮ್ಮ ಇಂಗ್ಲಿಷ್ ಪತ್ರಿಕೆಗಳಲ್ಲಿ ಹೊಸ ರಸ್ತೆ ‘ಮೂಟೆಡ್’ ಎಂದರೆ ಪ್ರಸ್ತಾಪವಾಗಿದೆ. ಅಮೆರಿಕದ ಕೋರ್ಟ್ ಅರ್ಜಿಯೊಂದನ್ನು ‘ಮೂಟ್’ ಎಂದರೆ ತೀರ್ಮಾನಿಸಲು ಅಲ್ಲಿ ಇನ್ನು ವ್ಯಾಜ್ಯವೇ ಉಳಿದಿಲ್ಲ.

ಬರೆದಿಡುವ ಕ್ರಮದಲ್ಲೇ ಹೆಚ್ಚಿನವರು ಸೋಲುತ್ತಾರೆ. ಎಡಕ್ಕೆ ಇಂಗ್ಲಿಷ್ ಪದ, ನಡುವೆ ಸಮ ಚಿಹ್ನೆ, ಬಲಕ್ಕೆ ಕನ್ನಡ ಅರ್ಥ ಎಂದು ಬರೆದ ಪಟ್ಟಿ ಡೆಸ್ಕ್ ಕೆಲಸಕ್ಕೆ ಉಪಯೋಗಕ್ಕಿಂತ ಕೆಡುಕನ್ನೇ ಹೆಚ್ಚು ಮಾಡುತ್ತದೆ. ‘ಸ್ಯಾಂಕ್ಷನ್’ ಮುಂದೆ ‘ಮಂಜೂರಾತಿ’ ಎಂದು ಒಮ್ಮೆ ಬರೆದುಕೊಂಡರೆ ರಷ್ಯಾ ಮೇಲಿನ ನಿರ್ಬಂಧದ ಸುದ್ದಿಯಲ್ಲೂ ಕೈ ಅದನ್ನೇ ಟೈಪ್ ಮಾಡುತ್ತದೆ. ಪದ ಸಿಕ್ಕಿದ ಇಡೀ ವಾಕ್ಯವನ್ನು ನಕಲು ಮಾಡಿಕೊಳ್ಳಿ, ಪದದ ಹಿಂದು ಮುಂದಿನ ಒಂದೆರಡು ಪದಗಳಿಗೆ ಅಡಿಗೆರೆ ಎಳೆಯಿರಿ. ಯಾವ ಊರಿನ, ಯಾವ ಬಗೆಯ ಸುದ್ದಿ ಎಂಬುದನ್ನು ಪಕ್ಕದಲ್ಲಿ ಹಾಕಿ. ಆಮೇಲೆ ಆ ವಾಕ್ಯಕ್ಕಷ್ಟೇ ಹೊಂದುವ ಕನ್ನಡ ಬರೆಯಿರಿ. ಮುಂದೆ ಬೇರೆ ಅರ್ಥ ಎದುರಾದರೆ ಸೇರಿಸಲು ಕೆಳಗೆ ನಾಲ್ಕು ಸಾಲು ಖಾಲಿ ಬಿಡಿ. ದಿನಕ್ಕೆ 3 ಪದ ಸಾಕು. 15 ಬರೆದರೆ ಮರುದಿನ ಯಾರೂ ತಿರುವಿ ನೋಡುವುದಿಲ್ಲ. ಮರುದಿನ, ವಾರ ಬಿಟ್ಟು, ತಿಂಗಳು ಬಿಟ್ಟು, ಪದದ ಮೇಲೆ ಬೆರಳಿಟ್ಟು ವಾಕ್ಯ ಓದಿ ಬೆರಳು ಮುಚ್ಚಿದ ಜಾಗವನ್ನು ತುಂಬಿ ನೋಡಿ. ತುಂಬಲು ಬಂದರೆ ಪದ ಕೈಗೆ ಬಂದಿದೆ.

ನಿಘಂಟಿನಲ್ಲಿ ಮೊದಲ ಅರ್ಥ ನೋಡಿ ಮುಚ್ಚಬಾರದು. ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಲರ್ನರ್ಸ್ ಡಿಕ್ಷನರಿ ಡೆಸ್ಕ್‌ಗೆ ಹೆಚ್ಚು ಒದಗುತ್ತದೆ. ಅದರಲ್ಲಿ ಉದಾಹರಣೆ ವಾಕ್ಯ, ಪದದ ಜೊತೆಗಾರರು, ಬ್ರಿಟಿಷ್ ಬಳಕೆಯೋ ಅಮೆರಿಕನ್ ಬಳಕೆಯೋ, ಏಕವಚನ ಬಹುವಚನದ ಗುರುತು ಎಲ್ಲ ಇರುತ್ತವೆ. ‘ಡಿಸ್‌ಇಂಟರೆಸ್ಟೆಡ್’ ನ್ಯಾಯಾಧೀಶರೆಂದರೆ ನಿಷ್ಪಕ್ಷಪಾತಿ ಎಂದರ್ಥ, ಆಸಕ್ತಿ ಇಲ್ಲದವರಲ್ಲ. ‘ಫುಲ್ಸಮ್’ ಹೊಗಳಿಕೆಯನ್ನು ಈಗ ‘ಧಾರಾಳ’ ಎಂಬರ್ಥದಲ್ಲಿ ಬಳಸುವವರಿದ್ದಾರೆ, ‘ಅತಿಯಾದ ಮುಖಸ್ತುತಿ’ ಎಂದೇ ಓದುವವರೂ ಇದ್ದಾರೆ. ಇಂಥ ಪದ ಕಂಡಾಗ ಹೇಳಿದವರ ಉದ್ದೇಶ ಏನೆಂದು ಇಡೀ ಕಾಪಿ ಓದಿಯೇ ತೀರ್ಮಾನಿಸಬೇಕು.

ಕೇಳಿ ಹಿಡಿಯುವುದು ಇನ್ನೂ ಕಷ್ಟ, ಏಕೆಂದರೆ ಇಂಗ್ಲಿಷ್‌ನಲ್ಲಿ ಉಚ್ಚಾರಕ್ಕೂ ಕಾಗುಣಿತಕ್ಕೂ ನಂಟು ಕಡಿಮೆ. ಬಾನುಲಿಯಲ್ಲಿ ‘ಇಂಡೈಟ್’ (indict, ದೋಷಾರೋಪ ಹೊರಿಸು) ಕೇಳಿದವರು ನಿಘಂಟಿನಲ್ಲಿ ಹುಡುಕಿ ಸೋಲುತ್ತಾರೆ. ಅದರ ಬರಹದಲ್ಲಿ ಉಚ್ಚಾರವಾಗದ ‘ಸಿ’ ಇದೆ. ‘ಅರೈ’ ಎಂದು ಕೇಳಿಸುವ ಪದವನ್ನು (awry, ಹಳಿ ತಪ್ಪಿದ) ಪುಟದ ಮೇಲೆ ‘ಆವ್ರಿ’ ಎಂದು ಓದಿಕೊಂಡವರಿಗೆ ಎರಡೂ ಒಂದೇ ಎಂದು ಹೊಳೆಯುವುದೇ ಇಲ್ಲ. ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಮೊದಲು ಗೀಚಿಕೊಳ್ಳಿ. ಲಿಪಿ ಧ್ವನಿಯನ್ನು ಹಿಡಿದಿಡುತ್ತದೆ, ಅದು ನಮಗಿರುವ ಅನುಕೂಲ. ಆದರೆ ‘ವೈನ್’ ಎಂದು ಬರೆದರೆ ಬಳ್ಳಿಯೂ ಆಗಬಹುದು, ಮದ್ಯವೂ ಆಗಬಹುದು. ತುಟಿ ದುಂಡಗೆ ಮಾಡುವ ‘ವ’ಕಾರಕ್ಕೆ ಅಡಿಯಲ್ಲಿ ಚುಕ್ಕಿ ಇಡಿ. ಒತ್ತು ಬೀಳುವ ಕಡೆಗೂ ಗುರುತು ಹಾಕಿ. ಒತ್ತು ಮೊದಲಲ್ಲಿದ್ದರೆ ‘ರೆಕಾರ್ಡ್’ ದಾಖಲೆ, ಕೊನೆಯಲ್ಲಿದ್ದರೆ ‘ರಿಕಾರ್ಡ್’ ದಾಖಲಿಸು. ಆಮೇಲೆ 0.75 ವೇಗದಲ್ಲಿ ಮತ್ತೊಮ್ಮೆ ಕೇಳಿ, ನಿಘಂಟಿನ ಧ್ವನಿ ಗುಂಡಿ ಒತ್ತಿ ಹೋಲಿಸಿ. ವಿಡಿಯೊದಲ್ಲಿ ತಾನಾಗಿ ಮೂಡುವ ಕ್ಯಾಪ್ಷನ್ ಸುಳಿವು ಕೊಡಬಹುದು, ಆದರೆ ಅಪರೂಪದ ಪದ ಮತ್ತು ಹೆಸರುಗಳಲ್ಲೇ ಅದು ಎಡವುವುದು ಹೆಚ್ಚು. ಪತ್ರಿಕಾಗೋಷ್ಠಿಯಲ್ಲಿ ‘ಫಿಫ್ಟೀನ್’, ‘ಫಿಫ್ಟಿ’ ಅನುಮಾನ ಬಂದರೆ ಲಿಖಿತ ಹೇಳಿಕೆ ಸಿಗುವವರೆಗೆ ಅಂಕಿ ಹಾಕಬೇಡಿ.

ಪದದ ಹುಟ್ಟಿನ ಕಥೆ ನೆನಪಿಗೆ ಒಳ್ಳೆಯ ಕೊಕ್ಕೆ. ಮ್ಯಾಸಚೂಸೆಟ್ಸ್ ಗವರ್ನರ್ ಎಲ್‌ಬ್ರಿಜ್ ಗೆರಿ ಸಹಿ ಹಾಕಿದ ಕ್ಷೇತ್ರ ವಿಂಗಡಣೆಯ ಒಂದು ಭಾಗ ಸ್ಯಾಲಮ್ಯಾಂಡರ್ ಎಂಬ ಪ್ರಾಣಿಯಂತಿತ್ತು. 1812ರಲ್ಲಿ ಪತ್ರಿಕೆಯವರು ಎರಡೂ ಹೆಸರು ಬೆಸೆದು ‘ಗೆರಿಮ್ಯಾಂಡರ್’ ಎಂದರು. ರಾಜಕೀಯ ಲಾಭಕ್ಕಾಗಿ ಕ್ಷೇತ್ರದ ಗಡಿ ತಿರುಚುವುದು ಎಂದು ಅದರರ್ಥ. ಈ ಕಥೆಗೆ ದಾಖಲೆ ಇದೆ. ‘ನ್ಯೂಸ್’ ನಾಲ್ಕು ದಿಕ್ಕುಗಳ ಮೊದಲಕ್ಷರದಿಂದ ಬಂತು ಎಂಬ ಕಥೆಗೆ ಇಲ್ಲ. ಅದು ‘ನ್ಯೂ’ ಎಂಬುದರ ಬಹುವಚನ, ಹೊಸ ಸಂಗತಿಗಳು. ಹಳೆಯ ಪದವೊಂದನ್ನು ಮೊದಲಕ್ಷರಗಳ ಜೋಡಣೆ ಎಂದು ಯಾರಾದರೂ ವಿವರಿಸಿದರೆ ಅನುಮಾನಿಸುವುದೇ ಲೇಸು.

ಶೀರ್ಷಿಕೆಯಲ್ಲಿ ಸಿಕ್ಕಿದ ಪದಗಳಿಗೆ ಬೇರೆಯೇ ಪುಟ ಇಡಿ. ‘ನ್ಯಾಬ್’, ‘ಪ್ರೋಬ್’, ‘ಮಲ್’, ‘ಆ್ಯಕ್ಸ್’ ಅಲ್ಲಿ ಬರುವುದು ಜಾಗ ಉಳಿಸಲು. ಬಂಧನ, ತನಿಖೆ, ಪರಿಶೀಲನೆ, ವಜಾ ಅಥವಾ ಕಡಿತ ಎಂದು ಕನ್ನಡಕ್ಕೆ ತರುವಾಗ ಇವು ಸಲೀಸು. ಅದೇ ಪದಗಳನ್ನು ಸಂಪಾದಕರಿಗೋ ಇಲಾಖೆಗೋ ಬರೆಯುವ ಇಂಗ್ಲಿಷ್ ಇ–ಮೇಲ್‌ಗೆ ಎತ್ತಿ ಹಾಕಿದರೆ ವಾಕ್ಯ ಒರಟಾಗುತ್ತದೆ. ಅಲ್ಲಿಗೆ ‘ಅರೆಸ್ಟ್’, ‘ಇನ್‌ವೆಸ್ಟಿಗೇಶನ್’, ‘ಕನ್ಸಿಡರ್’ ಇವೇ ಸರಿ.